ಕಿರುಗುಟ್ಟುವ ಕೀಲು ಯಾವುದು?

ನಮ್ಮ ಮನೆಯ ಮಾರುತಿ 800ಕ್ಕೆ ಇಪ್ಪತ್ತೈದು ವರ್ಷ ದಾಟಿದೆ. ಎಂಜಿನ್ ಇವತ್ತಿಗೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆದರೆ ಕಳೆದ ಬೇಸಿಗೆಯಲ್ಲಿ ಶುರುವಾದ ಒಂದು ಸದ್ದು ನನ್ನ ನೆಮ್ಮದಿ ಕೆಡಿಸಿತು. ಶಾಲೆಯ ಮುಂದಿನ ಹಂಪ್ ಹತ್ತುವಾಗ ‘ಕಿರ್ರ್’, ಇಳಿಯುವಾಗ ಇನ್ನೊಂದು ‘ಕಿರ್ರ್’. ವರ್ಕ್‌ಶಾಪೊಂದಕ್ಕೆ ಒಯ್ದೆ. ಕೇಳಿದ ತಕ್ಷಣ ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ಮುಂದಿನ ಎರಡನ್ನೂ ಬದಲಿಸಿದರು. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ. ಆಮೇಲೆ ನಾನೇ ಅದರ ಬೆನ್ನು ಹತ್ತಿದೆ.

ಹುಡುಕುವ ಮೊದಲು ಕಿರುಗುಟ್ಟುವುದೆಂದರೆ ಏನೆಂದು ತಿಳಿದಿರಬೇಕು. ಚಾಕ್‌ಪೀಸನ್ನು ಕರಿಹಲಗೆಯ ಮೇಲೆ ನೆಟ್ಟಗೆ ಹಿಡಿದು ಮುಂದಕ್ಕೆ ತಳ್ಳಿ ನೋಡಿ. ಕೀಚ್ ಎನ್ನುತ್ತದೆ. ಈಗ ಎಳೆದ ಗೆರೆಯ ಹತ್ತಿರ ಕಣ್ಣಿಡಿ: ಅದು ಗೆರೆಯಲ್ಲ, ಸಾಲಾಗಿ ಇಟ್ಟ ಚುಕ್ಕಿಗಳು. ಚಾಕ್‌ಪೀಸ್ ಹಲಗೆಗೆ ಒಂದು ಕ್ಷಣ ಕಚ್ಚಿಕೊಳ್ಳುತ್ತದೆ, ಕೈಯ ಒತ್ತಡ ಹೆಚ್ಚಾದಾಗ ತಟ್ಟನೆ ಜಾರುತ್ತದೆ, ಮತ್ತೆ ಕಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ ಕಚ್ಚಿ ಜಾರಿದರೆ ಕಿವಿಗೆ ಅದೊಂದು ಸ್ವರ. ರಾಳ ಸವರಿದ ಕಮಾನು ಪಿಟೀಲಿನ ತಂತಿಯನ್ನು ನುಡಿಸುವುದೂ ಹೀಗೆಯೇ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಜಾರುತ್ತಿರುವುದನ್ನು ಜಾರಿಸಿಕೊಂಡು ಹೋಗಲು ಬೇಕಾದ ಬಲಕ್ಕಿಂತ ಹೆಚ್ಚು. ಇಂಥ ಕಿರುಗುಟ್ಟುವಿಕೆಯ ಮೂಲ ಈ ವ್ಯತ್ಯಾಸ. ಘರ್ಷಣೆಯನ್ನು ಅಳೆದು 1785ರಲ್ಲಿ ಪ್ರಕಟಿಸಿದ ಫ್ರೆಂಚ್ ಎಂಜಿನಿಯರ್ ಚಾರ್ಲ್ಸ್ ಕೂಲಂಬ್ ಇನ್ನೊಂದನ್ನೂ ಗಮನಿಸಿದ್ದ: ಎರಡು ಮೈಗಳು ಹೆಚ್ಚು ಹೊತ್ತು ಒತ್ತಿಕೊಂಡಿದ್ದಷ್ಟೂ ಅವುಗಳ ಹಿಡಿತ ಬಿಗಿಯಾಗುತ್ತದೆ. ರಾತ್ರಿಯಿಡೀ ನಿಂತ ಕಾರು ಬೆಳಗಿನ ಮೊದಲ ಹಂಪಿನಲ್ಲಿ ಎಲ್ಲಕ್ಕಿಂತ ಜೋರಾಗಿ ಕೂಗಿದರೆ ಆಶ್ಚರ್ಯವಿಲ್ಲ.

ಹಾಗಾದರೆ ಕಾರಿನಡಿ ಜಾರುವುದು ಯಾವುದು? ಸರಿಯಾಗಿರುವ ಸಸ್ಪೆನ್ಷನ್ನಿನಲ್ಲಿ ಹೆಚ್ಚಿನ ಕೀಲುಗಳು ಜಾರುವುದೇ ಇಲ್ಲ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಲೋಯರ್ ಆರ್ಮಿನ ಬುಷ್ ನೋಡಿ. ಒಂದು ಕಬ್ಬಿಣದ ಕೊಳವೆಯೊಳಗೆ ಇನ್ನೊಂದು ಕೊಳವೆ, ನಡುವೆ ರಬ್ಬರ್. ಚಕ್ರ ಮೇಲೆ ಕೆಳಗೆ ಆಡಿದಾಗ ರಬ್ಬರ್ ತನ್ನೊಳಗೇ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಉಜ್ಜಾಟವಿಲ್ಲ, ಆದ್ದರಿಂದ ಎಣ್ಣೆ ಬೇಡ, ಸದ್ದೂ ಇಲ್ಲ. ಗ್ಯಾರೇಜಿನವರು ಇದನ್ನು ಸೈಲೆಂಟ್ ಬ್ಲಾಕ್ ಎನ್ನುವುದು ಸುಮ್ಮನೆ ಅಲ್ಲ. ವರ್ಷಗಳ ಬಿಸಿಲು, ಧೂಳು, ಎಂಜಿನ್ ಕಾವಿಗೆ ರಬ್ಬರ್ ಗಡುಸಾಗಿ ಲೋಹದ ಹಿಡಿತ ಬಿಟ್ಟ ದಿನ ಅಲ್ಲಿ ಜಾರಾಟ ಶುರು, ಅದರ ಜೊತೆಗೇ ಕೂಗು.

ಸದ್ದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ನಾನು ಒಂದು ವಾರ ಬರೆದಿಟ್ಟೆ. ನಿಂತಲ್ಲೇ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಸದ್ದಿಲ್ಲ. ಅಲ್ಲಿಗೆ ಸ್ಟ್ರಟ್ಟಿನ ಮೇಲ್ತುದಿಯ ಬೇರಿಂಗ್ ಮತ್ತು ಬಾಲ್ ಜಾಯಿಂಟ್ ಮೇಲಿನ ಸಂಶಯ ಬಹುಮಟ್ಟಿಗೆ ಕಳೆಯಿತು; ಚಕ್ರ ತಿರುಗುವಾಗ ತಿರುಗುವ ಭಾಗಗಳು ಅವು. ಬ್ರೇಕ್ ಒತ್ತಿದರೂ ಬಿಟ್ಟರೂ ಸದ್ದು ಅಷ್ಟೇ. ವೇಗದಲ್ಲಿ ಇಲ್ಲ, ನಡಿಗೆಯ ವೇಗದಲ್ಲಿ ಹಂಪ್ ದಾಟುವಾಗ ಮಾತ್ರ. ಇದೂ ಚಾಕ್‌ಪೀಸಿನ ಲೆಕ್ಕವೇ: ನಿಧಾನಕ್ಕೆ ಉಜ್ಜಿದರೆ ಕಚ್ಚಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಕಾರು ನಿಂತಿದ್ದಾಗ ಬಾನೆಟ್ಟಿನ ಮೂಲೆ ಒತ್ತಿ ಬಿಟ್ಟರೂ ಅದೇ ಸದ್ದು. ಎಲ್ಲಕ್ಕಿಂತ ದೊಡ್ಡ ಸುಳಿವು ಕೊಟ್ಟದ್ದು ಮಳೆ. ಜೋರು ಮಳೆ ಬಂದ ದಿನ ಕಾರು ಮೌನವಾಗಿತ್ತು. ರಸ್ತೆ ಒಣಗಿದ ಮಾರನೇ ದಿನ ಮತ್ತೆ ಶುರು. ಸೀಲ್ ಮಾಡಿದ ಶಾಕ್ ಅಬ್ಸಾರ್ಬರ್ ಒಳಗಿನ ದೋಷವಾಗಿದ್ದರೆ ಮಳೆನೀರು ಅದಕ್ಕೇನು ಮಾಡೀತು? ನೀರು ತಾಗುವಂಥ, ಹೊರಗೇ ಇರುವ ರಬ್ಬರೇ ಇರಬೇಕು.

ಕಿವಿಯನ್ನು ಮಾತ್ರ ನಂಬಬಾರದು. ವೀಣೆಯಲ್ಲಿ ಮಿಡಿಯುವುದು ತಂತಿ, ತುಂಬಿ ಕೇಳಿಸುವುದು ಕೊಡದಿಂದ. ಕಾರಿನ ತಗಡಿನ ಮೈಯೂ ಅಂಥದ್ದೇ ಕೊಡ. ಉಕ್ಕಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ಓಡುತ್ತದೆ, ಗಾಳಿಯಲ್ಲಿ 340 ಮೀಟರ್ ಅಷ್ಟೇ. ಬಲಗಡೆಯ ಬುಷ್ ಕೂಗಿದರೆ ಡ್ಯಾಶ್‌ಬೋರ್ಡಿನ ಎಡಗಡೆ ಕೇಳಿಸಬಹುದು. ಕಿವಿಗಿಂತ ಬೆರಳು ವಾಸಿ: ಒಬ್ಬರು ಬಾನೆಟ್ ಒತ್ತುತ್ತಿರುವಾಗ ಇನ್ನೊಬ್ಬರು ಒಂದೊಂದು ಕೀಲಿನ ಮೇಲೆ ಬೆರಳಿಟ್ಟರೆ, ಸದ್ದು ಹುಟ್ಟುವ ಜಾಗದಲ್ಲಿ ಸಣ್ಣ ಝುಮ್ಮೆನ್ನುವ ನಡುಕ ತಿಳಿಯುತ್ತದೆ. ಸ್ಪ್ರಿಂಗಿನ ಸುತ್ತುಗಳ ನಡುವೆ ಬೆರಳು ಹಾಕಲೇಬೇಡಿ. ಬರೀ ಜಾಕಿಯ ಆಸರೆಯಲ್ಲಿ ನಿಂತ ಕಾರಿನ ಕೆಳಗೆ ತೂರಲೂ ಬೇಡಿ.

ಕೊನೆಗೆ ಸಹಾಯಕ್ಕೆ ಬಂದದ್ದು ಬಟ್ಟೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿ. ಒಂದು ಸಲಕ್ಕೆ ಒಂದೇ ಬುಷ್ ಒದ್ದೆ ಮಾಡುವುದು, ಬಾನೆಟ್ ಒತ್ತುವುದು, ಕೇಳುವುದು. ಲೋಯರ್ ಆರ್ಮಿಗೆ ಚಿಮುಕಿಸಿದೆ, ಸದ್ದು ಹಾಗೇ ಇತ್ತು. ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರನ್ನು ಚಾಸಿಗೆ ಹಿಡಿದಿಡುವ ಎಡಗಡೆಯ ಬುಷ್ಷಿಗೆ ಚಿಮುಕಿಸಿದೆ. ತಟ್ಟನೆ ನಿಂತಿತು! ಇಪ್ಪತ್ತು ನಿಮಿಷದಲ್ಲಿ ನೀರು ಆರಿತು, ಕೂಗು ಮರಳಿತು. ಕಳ್ಳ ಸಿಕ್ಕಿದ್ದ.

ಇಲ್ಲಿ ಹಲವರು ಮಾಡುವ ತಪ್ಪೆಂದರೆ ಕೈಗೆ ಸಿಕ್ಕ ಎಂಜಿನ್ ಆಯಿಲ್ ಸುರಿಯುವುದು. ಸದ್ದು ಆ ಕ್ಷಣಕ್ಕೆ ನಿಲ್ಲುತ್ತದೆ, ನಿಜ. ಆದರೆ ನೈಸರ್ಗಿಕ ರಬ್ಬರ್ ಖನಿಜ ತೈಲವನ್ನು ಹೀರಿ ಊದಿ ಮೆತ್ತಗಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಗೆ ಹರಳೆಣ್ಣೆ ಬಳಸುತ್ತಿದ್ದರಲ್ಲ, ಆ ಹರಳೆಣ್ಣೆ ರಬ್ಬರಿಗೆ ಅಂಥ ಕೇಡು ಮಾಡುವುದಿಲ್ಲ. ಹಿಂದಿನ ಕಾಲದ ಹೈಡ್ರಾಲಿಕ್ ಬ್ರೇಕುಗಳ ದ್ರವದಲ್ಲಿ ಹರಳೆಣ್ಣೆ ಬೆರೆಸುತ್ತಿದ್ದುದು ಇದೇ ಕಾರಣಕ್ಕೆ: ಒಳಗಿನ ಸೀಲುಗಳು ನೈಸರ್ಗಿಕ ರಬ್ಬರಿನವು. ಈಗ ಬುಷ್ಷಿಗೆ ಸಿಲಿಕೋನ್ ಗ್ರೀಸ್ ಸಿಗುತ್ತದೆ.

ನಮ್ಮ ಬೀದಿ ಕೊನೆಯ ಗ್ಯಾರೇಜಿನ ಮೇಸ್ತ್ರಿ ಆ ಬುಷ್ ಬಿಚ್ಚಿ ಕೈಗಿತ್ತರು. ಹೆಬ್ಬೆರಳಿನಷ್ಟು ದಪ್ಪದ ರಬ್ಬರ್ ತುಂಡು. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಡುಸು. ಒಳಮೈ ಬೂಟ್‌ಪಾಲಿಶ್ ಹಾಕಿದಂತೆ ಮಿನುಗುತ್ತಿತ್ತು, ಅಂಚಿನಲ್ಲಿ ಸಣ್ಣ ಮರಳು ಕೂತಿತ್ತು. ಎಡ ಬಲ ಎರಡನ್ನೂ ಬದಲಿಸಿದೆವು. ಲೋಯರ್ ಆರ್ಮಿನ ಬುಷ್ಷಿನಲ್ಲೂ ಬಿರುಕು ಕಂಡದ್ದರಿಂದ ಅದನ್ನೂ ಹೊಸದು ಹಾಕಿಸಿದೆ.

‘ಬೋಲ್ಟ್ ಈಗಲೇ ಟೈಟ್ ಮಾಡಲ್ಲ ಸಾರ್, ಗಾಡಿ ನೆಲದ ಮೇಲೆ ಕೂರಲಿ’ ಎಂದರು ಮೇಸ್ತ್ರಿ. ಚಕ್ರ ಜೋತಾಡುತ್ತಿರುವಾಗಲೇ ಬಿಗಿದರೆ, ಕಾರು ಕೆಳಗಿಳಿದ ಮೇಲೆ ಹೊಸ ರಬ್ಬರ್ ನಿಂತಲ್ಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಅವರು ಜಾಕಿ ಇಳಿಸಿ, ಕಾರನ್ನು ಎರಡು ಸಲ ಅದುಮಿ ಕೂರಿಸಿ, ಆಮೇಲೆ ಸ್ಪ್ಯಾನರ್ ತೆಗೆದುಕೊಂಡರು.