ಮೊಬೈಲ್‌ನಲ್ಲಿ ಎರಡು ಬಿಸಿಲು ಲೆಕ್ಕ: ಸೋಲಾರ್ ಪಂಪ್‌ಗೆ ಯಾವುದನ್ನ ನಂಬೋದು?

ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಅದನ್ನ ನೋಡಿ ‘ಮಳೆಗೆ ಬರ ಇರಬಹುದು, ನಮ್ಮ ಕಡೆ ಬಿಸಿಲಿಗೇನು ಬರ?’ ಅಂದುಕೊಳ್ತೀವಿ. ಆದರೆ ಬೋರ್‌ವೆಲ್‌ಗೆ ಸೋಲಾರ್ ಪಂಪ್ ಹಾಕಿಸೋ ಮುಂಚೆ ಲೆಕ್ಕ ಬೇಕು. ಮೊಬೈಲ್‌ನಲ್ಲಿ ಹುಡುಕಿದರೆ ಒಂದೇ ಊರಿಗೆ, ಒಂದೇ ತಿಂಗಳಿಗೆ ಎರಡು ಬೇರೆ ಅಂಕಿ ಸಿಗುತ್ತವೆ. ಯಾಕೆ?

ಉಪಗ್ರಹದ ಲೆಕ್ಕ: ‘ನಾಸಾ ಪವರ್’ ಇದಕ್ಕೆ ಉದಾಹರಣೆ. ಉಪಗ್ರಹ ನಿಮ್ಮ ಹೊಲದ ಬಿಸಿಲನ್ನು ನೇರವಾಗಿ ಅಳೆಯೋದಿಲ್ಲ. ಮೋಡದಿಂದ ಎಷ್ಟು ಬೆಳಕು ಮೇಲಕ್ಕೆ ವಾಪಸ್ ಹೋಯ್ತು ಅಂತ ನೋಡುತ್ತೆ. ಅದರ ಮೇಲೆ ನೆಲಕ್ಕೆ ಬಂದದ್ದೆಷ್ಟು ಅಂತ ಲೆಕ್ಕ ಹಾಕ್ತಾರೆ. ಇದರ ಒಂದು ಚೌಕ ಸುಮಾರು 110 ಕಿ.ಮೀ. ಹಾಗಾಗಿ ಮಧುಗಿರಿಗೂ ಕೊರಟಗೆರೆಗೂ ಒಂದೇ ಅಂಕಿ ಬಂದರೆ ಆಶ್ಚರ್ಯ ಪಡಬೇಡಿ.

ಮಾದರಿಯ ಲೆಕ್ಕ: ಯುರೋಪಿನ ಹವಾಮಾನ ಕೇಂದ್ರದ ‘ಇಆರ್‌ಎ5’ ಈ ಬಗೆಯದು. ಗಾಳಿ, ತೇವ, ಒತ್ತಡದ ಅಳತೆಗಳನ್ನ ತಗೊಂಡು ಕಂಪ್ಯೂಟರ್ ಮೋಡವನ್ನೂ ತಾನೇ ಲೆಕ್ಕ ಹಾಕುತ್ತೆ. ಚೌಕ ಸುಮಾರು 31 ಕಿ.ಮೀ., ಅಂದರೆ ಚಿಕ್ಕದು. ಆದರೆ ಮೋಡ ಕಣ್ಣಾರೆ ಕಂಡದ್ದಲ್ಲ, ಲೆಕ್ಕದಲ್ಲಿ ಬಂದದ್ದು.

ಬೇಸಿಗೆಯಲ್ಲಿ ಆಕಾಶ ತಿಳಿಯಾಗಿದ್ದಾಗ ಎರಡೂ ಹತ್ತಿರ ಹತ್ತಿರ ಇರುತ್ತವೆ. ಮುಂಗಾರಿನಲ್ಲಿ ಮಳೆ ಬರದೆ ಬರೀ ಮೋಡ ಓಡಾಡ್ತಿದ್ದಾಗ ವ್ಯತ್ಯಾಸ ಹೆಚ್ಚಾಗುತ್ತೆ. ಕಡಲೆಕಾಯಿಗೆ ನೀರು ಬೇಕಾಗೋದೂ ಆಗಲೇ!

ಹಾಗಾದರೆ ಏನು ಮಾಡಬೇಕು?

1. ಮೊದಲು ಅಳತೆಯ ಯೂನಿಟ್ ನೋಡಿ. ಒಂದು ಕಡೆ 18, ಇನ್ನೊಂದು ಕಡೆ 5 ಅಂತಿದ್ದರೆ ಗಾಬರಿ ಬೇಡ. 18 ಮೆಗಾಜೌಲ್ ಅಂದರೆ 5 ಕಿಲೋವಾಟ್ ಅವರ್. ಮೆಗಾಜೌಲನ್ನು 3.6ರಿಂದ ಭಾಗಿಸಿ.

2. ವರ್ಷದ ಸರಾಸರಿ ಬೇಡ. ನಿಮಗೆ ನೀರು ಬೇಕಾದ ತಿಂಗಳಿನ ಅಂಕಿ, ಅದೂ ನಾಲ್ಕೈದು ವರ್ಷದ್ದು ನೋಡಿ.

3. ಎರಡರಲ್ಲಿ ಕಡಿಮೆ ಇರೋದನ್ನ ಹಿಡಿಯಿರಿ. 3 ಕಿಲೋವಾಟ್ ಪ್ಯಾನೆಲ್‌ಗೆ ದಿನಕ್ಕೆ 5 ಅಂತ ಹಿಡಿದರೆ 15 ಯೂನಿಟ್, 4 ಅಂತ ಹಿಡಿದರೆ 12. ಧೂಳು, ಬಿಸಿಯಿಂದ ಇದರಲ್ಲೂ ಒಂದಿಷ್ಟು ಹೋಗುತ್ತೆ. ಐದರಲ್ಲಿ ಒಂದು ಪಾಲು ಕರೆಂಟ್ ಕಮ್ಮಿ ಆದರೆ ಕೊನೇ ಸಾಲಿಗೆ ನೀರು ತಲುಪೋದು ಕಷ್ಟ.

4. ಪಕ್ಕದ ಹೊಲದವರ ಸೋಲಾರ್ ಪಂಪ್ ಮೋಡದ ದಿನ ಎಷ್ಟು ಹೊತ್ತು ನೀರು ಎತ್ತುತ್ತೆ, ಕೇಳಿ. ಎರಡು ಅಂಕಿಗಳಿಗೂ ಅದೇ ಒರೆಗಲ್ಲು.

ಡೀಲರ್ ‘ದಿನಾ ಇಷ್ಟು ಸಾವಿರ ಲೀಟರ್ ಗ್ಯಾರಂಟಿ’ ಅಂದರೆ, ‘ಯಾವ ತಿಂಗಳ ಬಿಸಿಲಿಗೆ?’ ಅಂತ ಕೇಳಿ. ದುಡ್ಡು ಕಟ್ಟೋದು ಆಮೇಲೆ.