ಮರೆವಿನವರಿಗೊಂದು ಪುಟ್ಟ ಮನೆ

ಕಳೆದ ಮಳೆಗಾಲದಲ್ಲಿ ವಿಟ್ಲದ ನನ್ನ ಚಿಕಿತ್ಸಾಲಯಕ್ಕೆ ಗೃಹಿಣಿಯೊಬ್ಬರು ಬಂದರು. 78 ವರ್ಷದ ಅವರ ಅತ್ತೆ ನಡುರಾತ್ರಿ ಎದ್ದು, ಚಿಲಕ ತೆಗೆದು, ತೋಟದ ಕೆರೆಯತ್ತ ನಡೆಯುತ್ತಿದ್ದರು. ಕೇಳಿದರೆ ತವರಿಗೆ ಹೊರಟಿದ್ದೇನೆಂಬ ಉತ್ತರ. ಮಗ ಗಲ್ಫಿನಲ್ಲಿ, ಸೊಸೆಗೆ ತಿಂಗಳುಗಳಿಂದ ನಿದ್ದೆಯಿಲ್ಲ. "ಡಾಕ್ಟ್ರೇ, ಎಲ್ಲಿಯಾದರೂ ಬಿಟ್ಟು ಬಂದರೆ ಊರವರು ಏನೆಂದಾರು?" ಎಂದು ಕಣ್ಣೊರೆಸಿಕೊಂಡರು.

ಡಿಮೆನ್ಷಿಯಾ ಮುಪ್ಪಿನ ಸಹಜ ಮರೆವಲ್ಲ, ಮೆದುಳಿನ ವ್ಯಾಧಿ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಇದರಿಂದ ಬಳಲುತ್ತಿದ್ದಾರೆ. ಥೈರಾಯ್ಡ್ ದೋಷ, ಬಿ12 ಕೊರತೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯುಂಟು. ಆದ್ದರಿಂದ ಮೊದಲು ನರರೋಗ ತಜ್ಞರಲ್ಲಿ ತಪಾಸಣೆಯಾಗಲಿ. ಅಲ್ಜೈಮರ್ ಎಂದು ನಿಶ್ಚಯವಾದರೆ, ಕಳೆದ ಸ್ಮೃತಿಯನ್ನು ಮರಳಿಸುವ ಔಷಧ ನಮ್ಮ ಪದ್ಧತಿಯಲ್ಲಾಗಲಿ ಬೇರಾವ ಪದ್ಧತಿಯಲ್ಲಾಗಲಿ ಇಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಹಾಗಾದರೆ ಉಳಿಯುವುದೇನು? ವೈದ್ಯ, ಔಷಧ, ಪರಿಚಾರಕ, ರೋಗಿ – ಇವು ಚಿಕಿತ್ಸೆಯ ನಾಲ್ಕು ಪಾದಗಳೆನ್ನುತ್ತದೆ ಚರಕ ಸಂಹಿತೆ. ಪರಿಚಾರಕನಿಗೆ ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕು. ಈ ವ್ಯಾಧಿಯಲ್ಲಿ ಭಾರವೆಲ್ಲ ಈ ಮೂರನೆಯ ಪಾದದ ಮೇಲೆಯೇ. ಹಗಲಿರುಳು ಅದನ್ನು ಒಬ್ಬಳೇ ಸೊಸೆ ಹೊರಲಾರಳು.

ಇದಕ್ಕಾಗಿಯೇ ಹಲವು ದೇಶಗಳಲ್ಲಿ ಸಣ್ಣ ಆರೈಕೆ ಮನೆಗಳಿವೆ. ಜಪಾನಿನಲ್ಲಿ ಒಂದು ಘಟಕಕ್ಕೆ ಗರಿಷ್ಠ 9 ಮಂದಿ. ನೆದರ್ಲೆಂಡ್ಸ್‌ನ ಹೋಖೆವೇಕ್ ಗ್ರಾಮದಲ್ಲಿ ಮನೆಯೊಂದಕ್ಕೆ ಆರೇಳು ಮಂದಿ. ದಿನವೂ ಅವೇ ಮುಖಗಳು, ಅದೇ ಅಡುಗೆಮನೆಯ ಪರಿಮಳ, ಕಡಿಮೆ ಗದ್ದಲ ಇದ್ದಲ್ಲಿ ರೋಗಿಯ ದಿಗಿಲು ತಗ್ಗುತ್ತದೆ. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಇಂಥವರಿಗೆಂದೇ ವಸತಿ ಕೇಂದ್ರ ತೆರೆಯಿತು.

ಆದರೆ ನಮ್ಮ ಸೀಮೆಯ ವೃದ್ಧರಿಗೆ ಬೆಂಗಳೂರು ದೂರವಷ್ಟೇ ಅಲ್ಲ, ಪರಭಾಷೆಯ ಊರೂ ಹೌದು. ವ್ಯಾಧಿ ಬಲಿತಂತೆ ಅನೇಕರಲ್ಲಿ ಆಮೇಲೆ ಕಲಿತ ನುಡಿ ಮೊದಲು ಮಾಸುತ್ತದೆ. ಬಾಲ್ಯದ ತುಳು, ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ ಉಳಿಯುತ್ತವೆ. ನೀರು ಬೇಕೆಂದರೆ ಅರ್ಥವಾಗುವ ಕಿವಿ, ಕುಚ್ಚಲಕ್ಕಿಯ ಗಂಜಿ ಬಡಿಸುವ ಕೈ ಹತ್ತಿರದಲ್ಲೇ ಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಮಕ್ಕಳಿಲ್ಲದೆ ಬಿಕೋ ಎನ್ನುವ ದೊಡ್ಡ ಮನೆಗಳು ಎಷ್ಟಿಲ್ಲ? ಸಂಘಸಂಸ್ಥೆಗಳು ಈ ಕುರಿತು ಯೋಚಿಸಬೇಕು.

ಆರೈಕೆ ಮನೆ ಆರಿಸುವಾಗ ಇವನ್ನು ಗಮನಿಸಿ: ರಾತ್ರಿ ಎಚ್ಚರವಿರುವ ಸಿಬ್ಬಂದಿ ಎಷ್ಟು? ರೋಗಿಯನ್ನು ಕಟ್ಟಿಹಾಕುವ, ನಿದ್ದೆಮಾತ್ರೆಯಿಂದ ಮಲಗಿಸುವ ರೂಢಿಯಿದೆಯೇ? ಬಾವಿ, ಕೆರೆಗಳಿಗೆ ಬೇಲಿಯಿದೆಯೇ? ಸ್ನಾನ, ಶೌಚ ಹೇಗೆ? ತಿಳಿಸದೆ ಹೋದರೂ ಒಳಗೆ ಬಿಡುವರೇ? ಹಿರಿಯ ನಾಗರಿಕರ ಸಹಾಯವಾಣಿ 14567ರಲ್ಲಿಯೂ ಮಾರ್ಗದರ್ಶನ ದೊರೆಯುತ್ತದೆ.

ಆ ಅತ್ತೆಯವರು ಈಗ ಪಕ್ಕದ ತಾಲೂಕಿನಲ್ಲಿ ಆರು ಮಂದಿಯ ಮನೆಯೊಂದರಲ್ಲಿದ್ದಾರೆ. ಸೊಸೆ ಪ್ರತಿ ಭಾನುವಾರ ಹೋಗಿ ತಲೆಗೆ ಎಣ್ಣೆ ಹಚ್ಚುತ್ತಾರೆ. ಅತ್ತೆಗೆ ಅವರ ಹೆಸರು ನೆನಪಿಲ್ಲ. ಕೈಯ ಗುರುತು ಸಿಗುತ್ತದೆ, ಕಣ್ಣು ಮುಚ್ಚಿ ತಲೆಯೊಡ್ಡುತ್ತಾರೆ. ಇದನ್ನು ಬಿಟ್ಟು ಬಂದದ್ದೆಂದು ಯಾರು ಹೇಳಿಯಾರು?