ಸುರಪುರದಿಂದ ಡಬ್ಲಿನ್‌ವರೆಗೆ: ವಂಶಮೂಲದ ಶೋಧ

ಅಪ್ರಾಪ್ತ ವಯಸ್ಸಿನ ರಾಜಾ ವೆಂಕಟಪ್ಪ ನಾಯಕರ ಪರವಾಗಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡು, ಅಲ್ಲಿನ ಗುಡ್ಡದ ಮೇಲೆ ಟೇಲರ್ ಮಂಜಿಲ್ ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್, 1860ರಲ್ಲಿ ಭಾರತ ಬಿಟ್ಟು ಐರ್ಲೆಂಡಿನ ಡಬ್ಲಿನ್ ಸಮೀಪ ನೆಲೆಸಿದರು. ಆ ಐರ್ಲೆಂಡಿನಲ್ಲಿ ವಂಶಮೂಲ ಹುಡುಕುವವರಿಗೆ 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಸರ್ಕಾರಿ ದಾಖಲೆ ಭಂಡಾರ ಸುಟ್ಟುಹೋದದ್ದು ದೊಡ್ಡ ತೊಡಕಾದರೂ, ಉಳಿದಿರುವ 1901 ಮತ್ತು 1911ರ ಜನಗಣತಿ, ಚರ್ಚುಗಳ ದಾಖಲೆ ಹಾಗೂ ಗ್ರಿಫಿತ್ ಮೌಲ್ಯಮಾಪನವೆಂಬ 19ನೆಯ ಶತಮಾನದ ಜಮೀನು-ಮನೆಗಳ ತೆರಿಗೆಪಟ್ಟಿ ನೆರವಾಗುತ್ತವೆ. ಉತ್ತರ ಕರ್ನಾಟಕದಲ್ಲಿ ವಂಶದ ನೆನಪು ಕಾಪಿಡುವ ಕೆಲಸವನ್ನು ಹೆಳವರು, ಅಂದರೆ ಮನೆಮನೆಗೆ ಬಂದು ವಂಶಾವಳಿ ಹೇಳಿ ಹೊಸ ಹೆಸರುಗಳನ್ನು ಸೇರಿಸಿಕೊಳ್ಳುವ ಸಮುದಾಯದವರು, ನಿರ್ವಹಿಸುತ್ತಾ ಬಂದಿದ್ದಾರೆ; ಯಾದಗಿರಿ, ಶಹಾಪುರಗಳಿಂದ ದುಡಿಮೆಗೆಂದು ದೂರದ ನಗರಗಳಿಗೆ ಹೋಗಿ ನೆಲೆಸಿದವರ ಮಕ್ಕಳು ಬಂಧುಗಳನ್ನು ಹುಡುಕುವಾಗ, ಹೆಳವರ ಮಾತಿನೊಡನೆ ಪಹಣಿ, ಮತದಾರರ ಪಟ್ಟಿಗಳನ್ನೂ ತಾಳೆ ನೋಡಬಹುದು.